ರಿಪೇರಿ ಮುಗಿಯುವವರೆಗೆ ಮುಳ್ಳು ಮುಟ್ಟಬಾರದು

ಒಂಬತ್ತನೆಯ ದಿನ ಬೆಳಗ್ಗೆಯೂ ಅಕ್ಕನ ಹಳೆಯ ಕಂಪ್ಯೂಟರು ಮೊದಲನೆಯ ಕಡತದಿಂದಲೇ ಶುರು ಮಾಡಿದಾಗ ಮುಳ್ಳಣ್ಣನಿಗೆ ಅದರ ತಲೆಯ ಮೇಲೆ ಒಂದು ಕೊಡಬೇಕು ಅನ್ನಿಸಿತು. ಕೊಡಲಿಲ್ಲ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ ಅದು, ಸಿಟ್ಟು ಬಂದಾಗ ತಾನಾಗಿಯೇ ಮಡಿಲಿಗೆ ಬಂದು ಕೂರುತ್ತಿತ್ತು. ಸಿಟ್ಟಿನಲ್ಲಿ ಮುಟ್ಟಿದ ಗಡಿಯಾರದಿಂದ ಒಂದಲ್ಲ ಒಂದು ಸ್ಪ್ರಿಂಗು ಹಾರುತ್ತದೆ, ಆಮೇಲೆ ಮೊಣಕಾಲೂರಿ ನೆಲವೆಲ್ಲ ತಡಕಬೇಕಾಗುತ್ತದೆ ಎಂಬುದು ಆ ಕೈಗೆ ಗೊತ್ತಿತ್ತು.

"ಮತ್ತೆ ಒಂದರಿಂದಲೇನೋ?" ಕಿಟಕಿಯ ಹತ್ತಿರದ ಕುರ್ಚಿಯಿಂದ ಅಕ್ಕ ಕೇಳಿದಳು.

"ಹೂಂ."

"ನಿನ್ನೆ ಎಪ್ಪತ್ತೊಂದರವರೆಗೆ ಹೋಗಿತ್ತಲ್ಲ?"

"ಹೋಗಿತ್ತು."

"ಹಾಗಾದ್ರೆ ಆ ಎಪ್ಪತ್ತೊಂದೂ ಎಲ್ಲಿ ಹೋದ್ವು? ಇಲಿ ತಿಂತಾ?"

"ಅಕ್ಕಾ, ದಮ್ಮಯ್ಯ, ಸ್ವಲ್ಪ ಹೊತ್ತು ಸುಮ್ನಿರು."

ಅಕ್ಕ ಸುಮ್ಮನಾದಳು. ಅವಳು ಸುಮ್ಮನಾದರೆ ಅವನಿಗೆ ಇನ್ನೂ ಕಷ್ಟ.

ಗಡಿಯಾರಗಳಿಗೆ ಮುಳ್ಳು ಕೂರಿಸುವವನಾದ್ದರಿಂದ ಬೀದಿಯವರೆಲ್ಲ ಅವನನ್ನು ಮುಳ್ಳಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತಷ್ಟು ಹಳತಾಗಿತ್ತು. ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಮೂವತ್ತೈದು ವರ್ಷ ಈ ಬೀದಿ, ಆಚೆ ಬೀದಿ, ಸೇತುವೆಯ ಆಚೆಯ ಸಾಲುಮನೆಗಳು, ಎಲ್ಲ ಕಡೆ ಹೆರಿಗೆ ಮಾಡಿಸಿದ ಸೂಲಗಿತ್ತಿ. ಕೆಲಸ ಬಿಟ್ಟ ಮೇಲೆ, ಆಸ್ಪತ್ರೆಯವರು ಹಳತಾಯಿತೆಂದು ಹೊರಗಿಟ್ಟ ಒಂದು ಕಂಪ್ಯೂಟರನ್ನು ಮನೆಗೆ ತರಿಸಿಕೊಂಡು, ತನ್ನ ಕೈಯಲ್ಲಿ ಹುಟ್ಟಿದ ಒಂದೊಂದು ಮಗುವಿನ ಕತೆಯನ್ನೂ ಬರೆಯಲು ಕೂತಿದ್ದಳು. ಮೊದಲು ಹುಟ್ಟಿದ ಹೊತ್ತು. ಆಮೇಲೆ ಯಾರ ಮಗು, ಯಾವ ಮನೆ, ಹೊರಗೆ ಮಳೆಯಿತ್ತೋ ಬಿಸಿಲಿತ್ತೋ, ದೀಪ ಹಿಡಿದವರು ಯಾರು, ಮೂರ್ಛೆ ಹೋದವರು ಯಾರು. ಮೂರ್ಛೆ ಹೋದವರಲ್ಲಿ ಮುಕ್ಕಾಲು ಪಾಲು ಅಪ್ಪಂದಿರೇ. ದೊಡ್ಡವರಾದ ಆ ಮಕ್ಕಳು ಬಂದು, "ನಾನು ಹುಟ್ಟಿದ್ದು ಹೇಗೆ ಹೇಳಿ" ಎಂದು ಅವಳ ಎದುರು ಕೂರುತ್ತಿದ್ದರು. ಕಪ್ಪು ಪರದೆಯ ಮೇಲಿನ ಜೇನುಬಣ್ಣದ ಅಕ್ಷರಗಳನ್ನು ಅವಳು ಓದಿ ಹೇಳುತ್ತಿದ್ದಳು. ನಾನೂರ ಆರು ಮುಗಿದಿದ್ದವು.

ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು. "ನಡುವಿನ ನೋಟ ಹೋಗುತ್ತೆ, ಅಂಚಿನದ್ದು ಉಳಿಯುತ್ತೆ," ಎಂದಿದ್ದರು ಕಣ್ಣಿನ ಡಾಕ್ಟರು. "ದೊಡ್ಡ ಅಕ್ಷರ ಆದ್ರೆ ಇನ್ನು ಮೂರು ತಿಂಗಳು ಓದಬಹುದು. ಆಮೇಲೆ ನಾನು ಮಾತು ಕೊಡಲ್ಲ." ಆ ಮೂರರಲ್ಲಿ ಒಂದು ತಿಂಗಳು ಆಗಲೇ ಹೋಗಿತ್ತು. ಹೊಸ ಯಂತ್ರಗಳ ಬಿಳಿ ಪರದೆ ಅವಳ ಕಣ್ಣಿಗೆ ಸೂಜಿಯ ಹಾಗೆ ಚುಚ್ಚುತ್ತಿತ್ತು. ಹಳೆಯದರಲ್ಲಿ ಅಕ್ಷರ ಸಾಸಿವೆಯಷ್ಟು.

"ನೀನು ಹೇಳು, ನಾನು ಒತ್ತುತ್ತೀನಿ," ಎಂದು ಮುಳ್ಳಣ್ಣ ಹೇಳಿ ನೋಡಿದ್ದ.

"ಉಳಿದಿರೋದು ಒಂದೇ. ಅದನ್ನ ಬಾಯಲ್ಲಿ ಹೇಳೋಕೆ ಆಗಲ್ಲ ಕಣೋ. ಆಗಿದ್ರೆ ಯಾವತ್ತೋ ಹೇಳಿರ್ತಿದ್ದೆ," ಎಂದು ಅಕ್ಕ ಮಾತು ಮುರಿದಿದ್ದಳು. ಅದು ಯಾರದೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಉಪಾಯ ತಂದವನು ಮುಳ್ಳಣ್ಣನ ಅಂಗಡಿಯ ಪಕ್ಕದ ರೇಡಿಯೋ ರಿಪೇರಿಯವ. ಎಲ್ಲಿಂದಲೋ ಒಂದು ಎಡಿಟರು ಹಿಡಿದುಕೊಂಡು ಬಂದಿದ್ದ, ಅಂದರೆ ಬರೆಯುವುದಕ್ಕೆ ಬೇಕಾದ ಪ್ರೋಗ್ರಾಮು, ಆರು ಫ್ಲಾಪಿಗಳಲ್ಲಿ.

"ಇದು ಪುಕ್ಕಟೆ. ಪುಕ್ಕಟೆ ಅಂದ್ರೆ ಬರೀ ಕಾಸಿಲ್ಲ ಅಂತ ಅಲ್ಲ ಮುಳ್ಳಣ್ಣ, ಹಿಂದಿನ ಮುಚ್ಚಳ ತೆಗೆಯೋಕೆ ಬಿಟ್ಟಿದಾರೆ. ಒಳಗಿರೋದೆಲ್ಲ ಬರೆದಿಟ್ಟಿದಾರೆ. ಬೇಕಾದ್ದು ಬದಲಾಯಿಸ್ಕೋ, ಬೇಕಾದವರಿಗೆ ಕೊಡು ಅಂತಾರೆ."

ಮುಚ್ಚಳ ತೆಗೆಯಬಹುದು ಎಂದ ಕೂಡಲೇ ಮುಳ್ಳಣ್ಣನಿಗೆ ಅದರ ಮೇಲೆ ಮನಸ್ಸಾಯಿತು. ಅಕ್ಷರದ ಅಳತೆ ಇದ್ದ ಸಾಲನ್ನು ಇಬ್ಬರೂ ಸೇರಿ ಹುಡುಕಿದರು. ಒಂದು ಎಂದಿದ್ದ ಕಡೆ ನಾಲ್ಕು ಎಂದು ಹಾಕಿದರು. ಇಷ್ಟೇ ಕೆಲಸ. ಆದರೆ ಹಾಗೆ ಬದಲಾಯಿಸಿದ್ದು ಯಂತ್ರಕ್ಕೆ ಅರ್ಥವಾಗಬೇಕಾದರೆ ಇಡೀ ಎಡಿಟರನ್ನು ಮೊದಲಿಂದ ಕಂಪೈಲ್ ಮಾಡಬೇಕು.

"ಮೂಲ ಕಡತ ತೊಂಬತ್ತನಾಲ್ಕು," ಎಂದು ರೇಡಿಯೋದವ ಬೆರಳು ಮಡಚುತ್ತ ಹೇಳಿದ. "ಅವು ಮನುಷ್ಯರು ಓದೋ ಭಾಷೆ. ಒಂದೊಂದರಿಂದಲೂ ಯಂತ್ರ ಓದೋ ಒಂದೊಂದು ಕಡತ ಹುಟ್ಟಬೇಕು. ಎಲ್ಲ ಹುಟ್ಟಿದ ಮೇಲೆ ಸೇರಿಸಿ ಹೊಲೆದರೆ ಎಡಿಟರು. ಇದನ್ನೆಲ್ಲ ನೋಡ್ಕೊಳ್ಳೋಕೆ ಒಂದು ಚಿಕ್ಕ ಪ್ರೋಗ್ರಾಮಿದೆ, ಮೇಸ್ತ್ರಿ ಅನ್ನು. ಯಾವುದಾಗಿದೆ, ಯಾವುದು ಆಗಿಲ್ಲ ಅಂತ ನೋಡಿ ಕೆಲಸ ಹಚ್ಚುತ್ತೆ. ನಿನ್ನ ಯಂತ್ರದ ನಡಿಗೆಗೆ ಹದಿಮೂರು ಗಂಟೆ ಹಿಡಿಯುತ್ತೆ."

"ಹದಿಮೂರಾ! ಸಂಜೆ ಆರಕ್ಕೆ ಅಕ್ಕ ಪ್ಲಗ್ ಕೀಳ್ತಾಳೆ."

"ಕೀಳಲಿ ಬಿಡು. ಅರ್ಧಕ್ಕೆ ನಿಂತ್ರೂ ಮಾರನೇ ದಿನ ಮೇಸ್ತ್ರಿ ಅಲ್ಲಿಂದಲೇ ಹಿಡಿಯುತ್ತೆ. ಮಾಡಿದ ಕೆಲಸ ಮತ್ತೆ ಮಾಡೋ ಜಾತಿ ಅಲ್ಲ ಅದು."

ಅಕ್ಕ ಪ್ಲಗ್ ಕೀಳುವುದಕ್ಕೆ ಒಂದು ಕಾರಣವಿತ್ತು. ಯಂತ್ರದೊಳಗಿನ ಫ್ಯಾನು ಗುಂಯ್ ಎನ್ನುತ್ತಿದ್ದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಬಾಗಿಲು ತಟ್ಟುವ ಸದ್ದಿಗೆ ಕಿವಿ ಕೊಟ್ಟೇ ಮೂವತ್ತೈದು ವರ್ಷ ಮಲಗಿದವಳು ಅವಳು. ಕೆಲಸ ಬಿಟ್ಟರೂ ಕಿವಿ ಬಿಟ್ಟಿರಲಿಲ್ಲ. "ಒಂದು ಸಲ ಕೇಳಿಸದೆ ಹೋಯ್ತು. ಇನ್ನೊಂದು ಸಲ ಆಗಬಾರದು," ಎಂದಷ್ಟೇ ಹೇಳುತ್ತಿದ್ದಳು. ಯಂತ್ರವನ್ನು ಅಂಗಡಿಗೆ ಒಯ್ಯೋಣವೆಂದರೆ, ಹಿಂದೊಮ್ಮೆ ಮೇಜಿನಿಂದ ಮೇಜಿಗೆ ಎತ್ತಿಟ್ಟದ್ದಕ್ಕೇ ಅದು ಒಂದು ತಿಂಗಳು ಮುನಿಸಿಕೊಂಡು ಕೂತಿತ್ತು. ಹಾಗಾಗಿ ದಿನಾ ಬೆಳಗ್ಗೆ ಎಂಟಕ್ಕೆ ಮುಳ್ಳಣ್ಣ ಅಂಗಡಿಗೆ ಬೀಗ ಹಾಕಿಯೇ ಅಕ್ಕನ ಮನೆಗೆ ಬರತೊಡಗಿದ.

ಬಂದವನು ಪ್ಲಗ್ ಚುಚ್ಚಿ ಗುಂಡಿ ಒತ್ತುತ್ತಿದ್ದ. ಯಂತ್ರ ಕೆಮ್ಮಿ ಎದ್ದು, ಇವತ್ತು ಯಾವ ತಾರೀಖು ಎಂದು ಕೇಳುತ್ತಿತ್ತು. ಆಮೇಲೆ ಗಂಟೆ ಎಷ್ಟು ಎಂದು ಕೇಳುತ್ತಿತ್ತು. ಮುಳ್ಳಣ್ಣ ಎರಡಕ್ಕೂ ಉತ್ತರ ಕೊಡದೆ ಟಕ್, ಟಕ್ ಎಂದು ಕೀಲಿಮಣೆಯ ದೊಡ್ಡ ಕೀಲಿ ಒತ್ತಿ ಮುಂದೆ ಹೋಗುತ್ತಿದ್ದ. ಅಪ್ಪನಿಂದ ಬಂದ ಪಾಠ ಅದು. ರಿಪೇರಿಗೆ ಬಂದ ಗಡಿಯಾರದ ಮುಳ್ಳನ್ನು ಕೆಲಸ ಮುಗಿಯುವವರೆಗೆ ಮುಟ್ಟಬಾರದು. ಒಳಗಿನ ಚಕ್ರ ಸರಿಯಾಗದೆ ಹೊರಗಿನ ಮುಳ್ಳು ತಿರುಗಿಸುವವನು ಗಿರಾಕಿಗೂ ತನಗೂ ಸುಳ್ಳು ಹೇಳುತ್ತಾನೆ ಎನ್ನುತ್ತಿದ್ದ ಅಪ್ಪ. ಹಾಗಾಗಿ ಅವರ ಅಂಗಡಿಯ ಗೋಡೆಯ ಮೇಲೆ ಐವತ್ತು ಗಡಿಯಾರ ಐವತ್ತು ಹೊತ್ತು ತೋರಿಸುತ್ತಿದ್ದವು. ಹೊತ್ತು ಕೇಳಬೇಕಾದರೆ ಮುಳ್ಳಣ್ಣ ಎದುರಿನ ದರ್ಜಿಯನ್ನು ಕೇಳುತ್ತಿದ್ದ.

ಮೊದಲ ದಿನ ಮೂರನೆಯ ಕಡತಕ್ಕೇ ಎಲ್ಲ ನಿಂತಿತು. ಒಂದು ಫ್ಲಾಪಿ ಸವೆದಿತ್ತು. ರೇಡಿಯೋದವ ಬೇರೆ ತಂದುಕೊಟ್ಟ. ಎರಡನೆಯ ದಿನ ಹದಿನೇಳಕ್ಕೆ ನಿಂತಿತು, ಜಾಗ ಸಾಲದು ಎಂದಿತು. ಬೇಡದ್ದನ್ನೆಲ್ಲ ಅಳಿಸಿದರು. ಮೂರನೆಯ ದಿನ ಯಾವುದೋ ಸಾಲಿನಲ್ಲಿ ಏನೋ ಇಲ್ಲವೆಂದು ಯಂತ್ರ ಪರದೆಯ ತುಂಬ ಕಕ್ಕಿತು. ರೇಡಿಯೋದವ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಒಂದು ಹೊತ್ತು ಪೂರ್ತಿ ಓದಿ, ಒಂದು ಸಾಲು ತಿದ್ದಿದ. ನಾಲ್ಕನೆಯ ದಿನ ಎಲ್ಲ ಸರಿಹೋದ ಹಾಗಿತ್ತು. ಎಂಟು ನಿಮಿಷಕ್ಕೊಂದರಂತೆ ಕಡತದ ಹೆಸರುಗಳು ಪರದೆಯಲ್ಲಿ ಮೂಡಿದವು. ಮುಳ್ಳಣ್ಣ ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಿಂದ ಒಂದೊಂದಕ್ಕೆ ಒಂದೊಂದು ಗೀಟು ಎಳೆದ. ಸಂಜೆ ಆರಕ್ಕೆ ಅರವತ್ತೆಂಟು ಗೀಟು.

"ನಾಳೆ ಮಧ್ಯಾಹ್ನಕ್ಕೆ ಮುಗೀತು ಅಂದ್ಕೋ ಅಕ್ಕಾ," ಎಂದು ಬೀಗುತ್ತ ಮನೆಗೆ ಹೋದ.

ಐದನೆಯ ದಿನ ಬೆಳಗ್ಗೆ ಪರದೆಯ ಮೇಲೆ ಮೂಡಿದ್ದು ಒಂದನೆಯ ಕಡತದ ಹೆಸರು.

ಮೊದಲು ಅವನು ತನ್ನ ಕಣ್ಣನ್ನೇ ನಂಬಲಿಲ್ಲ. ಎರಡನೆಯದು ಬಂತು, ಮೂರನೆಯದು ಬಂತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ನಿನ್ನೆಯ ಹತ್ತು ಗಂಟೆ ಹೋಗಿತ್ತು. ಅದೇ ಹೊತ್ತಿಗೆ ಸರಿಯಾಗಿ ಬಸ್ ಡ್ರೈವರು ಬಂದ. ವಾರಕ್ಕೊಮ್ಮೆ ರಜೆಯ ದಿನ ಬರುತ್ತಿದ್ದ ಅವನು, ನಲವತ್ತರ ಹತ್ತಿರದ ದೊಡ್ಡ ಆಳು. ಬಾಗಿಲಲ್ಲಿ ಮಾತ್ರ ಚಿಕ್ಕವನ ಹಾಗೆ ನಿಲ್ಲುತ್ತಿದ್ದ. ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡವನು.

"ಆಯ್ತಾ ಅಮ್ಮಾ, ನಂದು?"

"ಇಲ್ಲಪ್ಪ. ಯಂತ್ರ ಸರಿಯಾಗಿಲ್ಲ," ಎಂದಳು ಅಕ್ಕ, ಮುಖ ಕಿಟಕಿಯ ಕಡೆಗೇ ಇಟ್ಟುಕೊಂಡು.

"ಓದಿ ಹೇಳೋದು ಬೇಡ, ನೆನಪಿದ್ದಷ್ಟು ಹೇಳಿದ್ರೂ ಸಾಕು. ನನಗೂ ಮಗಳು ಹುಟ್ಟಿದಾಳೆ. ಕೇಳ್ತಾಳೆ ಮುಂದೆ."

"ಮುಂದಿನ ವಾರ ಬಾ."

ಡ್ರೈವರು ಮುಳ್ಳಣ್ಣನ ಕಡೆ ನೋಡಿದ. ಆ ನೋಟದಲ್ಲಿ ದೂರಿರಲಿಲ್ಲ. ದೂರಿದ್ದಿದ್ದರೆ ವಾಸಿಯಿತ್ತು. ತನ್ನ ದೆಸೆಯಿಂದ ಅವನು ಬರಿಗೈಯಲ್ಲಿ ಹೋಗುತ್ತಿದ್ದಾನೆ ಎಂದು ಮುಳ್ಳಣ್ಣನ ಕಿವಿ ಬಿಸಿಯಾಯಿತು.

ಆರು, ಏಳು, ಎಂಟು, ಇದೇ ಹಾಡು. ಬೆಳಗ್ಗೆ ಒಂದು, ಸಂಜೆ ಎಪ್ಪತ್ತರ ಆಸುಪಾಸು. ಕ್ಯಾಲೆಂಡರಿನ ಹಿಂಬದಿ ಗೀಟುಗಳಿಂದ ಕಪ್ಪಾಯಿತು. ಗಾಣದೆತ್ತಾದರೂ ಸುತ್ತಿದ್ದಕ್ಕೆ ಒಂದಿಷ್ಟು ಎಣ್ಣೆ ಕಾಣುತ್ತದೆ. ಫ್ಲಾಪಿ ಬದಲಾಯಿತು, ತಂತಿ ಬದಲಾಯಿತು, ಯಂತ್ರದ ಕೆಳಗೆ ಮರದ ಹಲಗೆ ಬಂತು. ಏಳನೆಯ ದಿನ ಮುಳ್ಳಣ್ಣ ಅದರೊಡನೆ ಮಾತಾಡಲು ಶುರು ಮಾಡಿದ. ಮೊದಲು ಒಳ್ಳೆಯ ಮಾತು, ಮಧ್ಯಾಹ್ನದ ಮೇಲೆ ಅಷ್ಟು ಒಳ್ಳೆಯದಲ್ಲದ್ದು.

"ಲೋ, ನನ್ನ ಮನೇಲಿ ಆ ಮಾತೆಲ್ಲ ಆಡಬೇಡ," ಎಂದಳು ಅಕ್ಕ. "ಹೆರಿಗೆ ಕೋಣೇಲಿ ಬೈದ್ರೆ ಮಗು ಬೇಗ ಬರುತ್ತೇನೋ?"

"ಇದು ಹೆರಿಗೆ ಅಲ್ಲಕ್ಕ, ಹೊರೆ."

"ನನಗೂ ಹೊರೆಯೇ. ನಿನ್ನೆ ಕಿಟಕಿ ಸರಳು ಐದು ಕಾಣ್ತಿತ್ತು. ಇವತ್ತು ನಾಲ್ಕು, ಒಂದು ಮಸುಕು."

ಮುಳ್ಳಣ್ಣ ಪೆನ್ಸಿಲು ತೆಗೆದುಕೊಂಡು ಮುಂದಿನ ಗೀಟು ಎಳೆದ.

ಹೀಗೆ ಒಂಬತ್ತನೆಯ ದಿನ ಬಂತು. ಮಧ್ಯಾಹ್ನ ರೇಡಿಯೋದವ ತನ್ನ ಸ್ಕ್ರೂಡ್ರೈವರಿನ ಚೀಲ ಹೊತ್ತುಕೊಂಡೇ ಬಂದ.

"ಇದರ ಡಿಸ್ಕು ಹೋಗಿದೆ ಮುಳ್ಳಣ್ಣ. ಬರೆದಿದ್ದು ಅದರ ಹೊಟ್ಟೇಲಿ ನಿಲ್ತಿಲ್ಲ. ಬೇರೆ ಏನೂ ಅಲ್ಲ."

"ನಿಲ್ಲಿಸಿ ನೋಡು ಹಾಗಾದ್ರೆ. ಇವತ್ತಿಗೆ ಹೇಗೂ ಮುಗಿಯಲ್ಲ."

ಮೇಸ್ತ್ರಿಯನ್ನು ನಿಲ್ಲಿಸಿ ಹುಟ್ಟಿದ ಕಡತಗಳ ಪಟ್ಟಿ ತೆಗೆದರು. ರೇಡಿಯೋದವ ಎಣಿಸಿದ. ಎಣಿಸಿ ತಲೆ ಕೆರೆದುಕೊಂಡು ಮತ್ತೆ ಎಣಿಸಿದ. "ಎಪ್ಪತ್ತೊಂದೂ ಇದಾವಲ್ಲ! ಇವತ್ತಿಂದು ಮೂವತ್ತು, ಉಳಿದದ್ದು ನಿನ್ನೆಯವು. ಒಂದೂ ಎಲ್ಲೂ ಹೋಗಿಲ್ಲ."

"ಮತ್ತೆ ನಿನ್ನ ಮೇಸ್ತ್ರಿ ಯಾಕೆ ದಿನಾ ಹೊಸದಾಗಿ ತಳಪಾಯ ತೋಡ್ತಾನೆ? ಮಾಡಿದ್ದು ಮತ್ತೆ ಮಾಡೋ ಜಾತಿ ಅಲ್ಲ ಅಂದಿದ್ದೆ!"

"ನನ್ನ ಮೇಲೆ ಯಾಕೆ ರೇಗ್ತೀಯ? ನಾನೇನು ಅವನ ಸೋದರಮಾವನಾ?"

"ತಂದವನು ನೀನು!"

"ಬೇಕು ಅಂದವನು ನೀನು!"

ಇಬ್ಬರು ಮುದುಕರೂ ಎದ್ದು ನಿಂತಿದ್ದರು. ಅಕ್ಕ ಕುರ್ಚಿಯ ಕೈ ಮೇಲೆ ಒಮ್ಮೆ ತಟ್ಟಿದಳು. ಎಷ್ಟೋ ಮನೆಗಳ ಗಂಡಸರನ್ನು ಸುಮ್ಮನಾಗಿಸಿದ್ದ ಕೈ ಅದು. ಇಬ್ಬರೂ ಕೂತರು.

"ರೇಡಿಯೋ, ನನಗೊಂದು ಹೇಳು. ಯಾವ ಕೆಲಸ ಆಗಿದೆ ಅಂತ ನಿಮ್ಮ ಮೇಸ್ತ್ರಿಗೆ ಹೇಗೆ ಗೊತ್ತಾಗುತ್ತೆ?"

"ಹುಟ್ಟಿದ ಹೊತ್ತು ನೋಡುತ್ತೆ ಅಕ್ಕಾ. ಒಂದೊಂದು ಕಡತದ ಮೇಲೂ ಅದು ಹುಟ್ಟಿದ ತಾರೀಖು, ಗಂಟೆ ಇರುತ್ತೆ. ಮೂಲ ಕಡತ ತಾಯಿ ಅನ್ನಿ. ಮಗು ತಾಯಿಗಿಂತ ಆಮೇಲೆ ಹುಟ್ಟಿದ್ರೆ ಕೆಲಸ ಆಗಿದೆ ಅಂತ ಬಿಟ್ಟು ಮುಂದೆ ಹೋಗುತ್ತೆ. ತಾಯಿಯದೇ ಹೊಸ ತಾರೀಖಾದ್ರೆ, ಯಾರೋ ತಿದ್ದಿದಾರೆ, ಈ ಮಗು ಹಳೇದು ಅಂತ ಮತ್ತೆ ಮಾಡುತ್ತೆ."

"ಮಗು ಹುಟ್ಟಿದ ಹೊತ್ತು ಬರೆಯೋರು ಯಾರು?"

"ಯಂತ್ರವೇ ಬರೀತದೆ. ತನ್ನ ಗಡಿಯಾರ ನೋಡ್ಕೊಂಡು."

ಅಕ್ಕ ತಮ್ಮ ಕೂತಿದ್ದ ಕಡೆಗೆ ಮುಖ ತಿರುಗಿಸಿದಳು.

"ಲೋ, ದಿನಾ ಬೆಳಗ್ಗೆ ಟಕ್ ಟಕ್ ಅಂತ ಎರಡು ಸಲ ಒತ್ತುತ್ತೀಯಲ್ಲ. ಒಂಬತ್ತು ದಿನದಿಂದ ಕೇಳ್ತಿದೀನಿ. ಅದೇನು?"

"ಅದಾ? ತಾರೀಖು ಕೇಳುತ್ತೆ, ಗಂಟೆ ಕೇಳುತ್ತೆ."

"ನೀನೇನು ಹೇಳ್ತೀಯ?"

"ಏನೂ ಹೇಳಲ್ಲ. ರಿಪೇರಿ ಮುಗಿಯೋವರೆಗೂ ಮುಳ್ಳು..." ಎಂದವನು ಅಲ್ಲಿಗೇ ನಿಂತ.

ರೇಡಿಯೋದವ ಆಗಲೇ ಪಟ್ಟಿಯ ಮೇಲೆ ಬಗ್ಗಿದ್ದ. ಮೂಲ ಕಡತಗಳ ತಾರೀಖು ತೊಂಬತ್ತನಾಲ್ಕನೆಯ ಇಸವಿಯದು. ಅವುಗಳಿಂದ ಹುಟ್ಟಿದ ಎಪ್ಪತ್ತೊಂದಕ್ಕೂ ಒಂದೇ ತಾರೀಖು, ಎಂಬತ್ತನೆಯ ಇಸವಿಯ ಜನವರಿ ಒಂದು. ಯಂತ್ರದೊಳಗಿನ ಗಡಿಯಾರದ ಬ್ಯಾಟರಿ ಎಂದೋ ಸತ್ತಿತ್ತು. ಸಂಜೆ ಪ್ಲಗ್ ಕಿತ್ತ ಕೂಡಲೇ ಅದಕ್ಕೆ ಎಲ್ಲ ಮರೆತುಹೋಗಿ, ಮಾರನೆಯ ಬೆಳಗ್ಗೆ ಯಾರೂ ಹೇಳಿಕೊಡದಿದ್ದರೆ ತನ್ನ ಜನ್ಮದ ಮೊದಲ ದಿನಕ್ಕೇ ವಾಪಸ್ಸು ಹೋಗಿ ಕೂರುತ್ತಿತ್ತು.

"ಅಯ್ಯೋ ದೇವರೇ," ಎಂದ ರೇಡಿಯೋದವ. "ತಾಯಿಗಿಂತ ಹದಿನಾಲ್ಕು ವರ್ಷ ಮೊದಲು ಹುಟ್ಟಿದ ಮಕ್ಕಳು!"

"ಅಂಥಾ ಮಕ್ಕಳನ್ನ ಕಂಡ್ರೆ ನಾನೂ ಒಪ್ತಿರಲಿಲ್ಲ. ಹೋಗು, ಮತ್ತೆ ಹೆರು ಅಂತಿದ್ದೆ," ಎಂದಳು ಅಕ್ಕ. "ನಾನು ಕೂರ್ತಿದ್ದಾಗ ದಿನಾ ಅದಕ್ಕೆ ತಾರೀಖು, ಗಂಟೆ ಹೇಳಿಯೇ ಶುರು ಮಾಡ್ತಿದ್ದೆ. ನಮ್ಮ ಕಸುಬಲ್ಲಿ ಮೊದಲು ಬರೆಯೋದೇ ಹೊತ್ತು. ಅವಳಿ ಮಕ್ಕಳು ಬಂದಾಗ ಹೊತ್ತು ಬರೆಯದಿದ್ರೆ ದೊಡ್ಡದ್ಯಾವುದು, ಚಿಕ್ಕದ್ಯಾವುದು? ಸಾಯೋವರೆಗೂ ಜಗಳ. ನಿನಗೆ ಇಷ್ಟೂ ಗೊತ್ತಿಲ್ವೇನೋ, ಗಡಿಯಾರದವನೇ?"

ದೀಪದ ಬುಡದಲ್ಲಿ ಕತ್ತಲೆ ಅನ್ನುವುದನ್ನು ಮುಳ್ಳಣ್ಣ ಬೇರೆಯವರಿಗೆ ಎಷ್ಟೋ ಸಲ ಅಂದಿದ್ದ. ತನ್ನೊಳಗಿನ ಗಡಿಯಾರ ನಿಂತಿದೆ ಎಂದು ಯಂತ್ರ ದಿನಾ ಎರಡೆರಡು ಸಲ ಅವನನ್ನೇ ಕರೆದು ಹೇಳುತ್ತಿತ್ತು, ಅವನು ದಿನಾ ಎರಡೆರಡು ಸಲ ಅದರ ಬಾಯಿ ಮುಚ್ಚಿಸಿದ್ದ. ಅಪ್ಪನ ಪಾಠ ಸುಳ್ಳಲ್ಲ. ಆದರೆ ಅಪ್ಪ ಕಂಡ ಗಡಿಯಾರಗಳು ಹೊತ್ತು ತೋರಿಸುತ್ತಿದ್ದವು, ಅಷ್ಟೇ. ಹೊತ್ತು ನೋಡಿಕೊಂಡು ತಾವೇ ಕೆಲಸ ಮಾಡುತ್ತಿರಲಿಲ್ಲ. ಒಂಬತ್ತು ದಿನದಲ್ಲಿ ಕಿಟಕಿಯ ಸರಳು ಒಂದು ಹೋಗಿತ್ತು. ಅದನ್ನು ಯಾವ ಮುಳ್ಳು ತಿರುಗಿಸಿ ವಾಪಸ್ಸು ತರುವುದು?

ಹತ್ತನೆಯ ದಿನ ಬೆಳಗ್ಗೆ ಅವನು ಎದುರಿನ ದರ್ಜಿಯನ್ನು ಕೇಳಿ ಹೊತ್ತು ಬರೆದುಕೊಂಡು ಬಂದ. ತಾರೀಖು ಒತ್ತಿದ, ಗಂಟೆ ಒತ್ತಿದ. ಎಲ್ಲ ಮತ್ತೆ ಒಂದರಿಂದಲೇ ಆಗಬೇಕಿತ್ತು. ಸಂಜೆ ಆರಕ್ಕೆ ಎಪ್ಪತ್ತಮೂರು. ಅಕ್ಕ ಪ್ಲಗ್ ಕೀಳುವಾಗ ಅವನು ಆ ಕಡೆ ನೋಡಲಿಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ತಾರೀಖು ಕೊಟ್ಟು, ಗಂಟೆ ಕೊಟ್ಟು, ಮೇಸ್ತ್ರಿಯನ್ನು ಕರೆದು, ಕೈ ಮಡಿಲಲ್ಲಿಟ್ಟುಕೊಂಡು ಕೂತ. ಯಂತ್ರ ಗುರುಗುಟ್ಟಿತು. ಪರದೆ ಖಾಲಿ. ಇನ್ನೂ ಖಾಲಿ. ಆಮೇಲೆ ಒಂದು ಹೆಸರು ಮೂಡಿತು.

"ಎಷ್ಟನೇದು?" ಎಂದಳು ಅಕ್ಕ.

"ಎಪ್ಪತ್ತನಾಲ್ಕು," ಎಂದ ಮುಳ್ಳಣ್ಣ.

ಹನ್ನೊಂದು ಗಂಟೆಯ ಸುಮಾರಿಗೆ ಎಲ್ಲ ಮುಗಿಯಿತು. ಎಡಿಟರು ತೆರೆದುಕೊಂಡಾಗ ಪರದೆಯ ಮೂಲೆಯಲ್ಲಿ ಹೆಬ್ಬೆರಳುದ್ದದ ಒಂದು ಗೀಟು ಮಿಣಕ್ ಮಿಣಕ್ ಅನ್ನುತ್ತಿತ್ತು. ಅಕ್ಕ ಕುರ್ಚಿ ಎಳೆದುಕೊಂಡು ಕೂತು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣಂಚಿನಿಂದ ಪರದೆಯನ್ನು ನೋಡಿದಳು. ಒಂದು ಅಕ್ಷರ ಒತ್ತಿದಳು.

"ಅಬ್ಬಾ! ಕೂಗಿದ ಹಾಗಿದೆ. ಇಷ್ಟು ದಪ್ಪ ಬರೆದ್ರೆ ಗುಟ್ಟು ಇಡೋದು ಹೇಗೋ?"

"ಒಂದು ಸಲಕ್ಕೆ ನಾಲ್ಕೇ ಸಾಲು ಹಿಡಿಯುತ್ತೆ."

"ಸಾಕು. ನೀನು ಆಚೆ ಹೋಗಿ ಕೂತ್ಕೋ."

ಅವನು ಜಗಲಿಯಲ್ಲಿ ಕೂತ. ಒಳಗಿನಿಂದ ಕೀಲಿಗಳ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಬಹಳ ಹೊತ್ತಾದ ಮೇಲೆ ಮತ್ತೆ ಬರುತ್ತಿತ್ತು. ಆ ದಿನ ಮಧ್ಯಾಹ್ನದ ಊಟಕ್ಕೂ ಅವಳು ಏಳಲಿಲ್ಲ.

ಮಾರನೆಯ ದಿನ ಡ್ರೈವರಿಗೆ ರಜೆ. ಬಂದು ಬಾಗಿಲಲ್ಲಿ ನಿಂತ. ಅಕ್ಕ ಬಾಯಿ ಬಿಡದೆ ಯಂತ್ರದ ಕಡೆ ಕೈ ತೋರಿಸಿದಳು. ಅವನಿಗೆ ಕೀಲಿ ಒತ್ತುವುದು ಗೊತ್ತಿಲ್ಲದ್ದರಿಂದ ಮುಳ್ಳಣ್ಣನೇ ಪಕ್ಕದಲ್ಲಿ ಕೂತ. ನಾನೂರ ಏಳನೆಯದು. ಮೊದಲ ಸಾಲಿನಲ್ಲಿ, ಹೊತ್ತು ಇರಬೇಕಾದ ಕಡೆ, ದಪ್ಪನೆಯ ಜೇನುಬಣ್ಣದಲ್ಲಿ ಹೀಗಿತ್ತು: ಹೊತ್ತು ಗೊತ್ತಿಲ್ಲ.

ಡ್ರೈವರು ತುಟಿಯಾಡಿಸುತ್ತ ಓದಿದ. ತಗಡಿನ ಮಾಡಿನ ಮೇಲೆ ಮಳೆ. ನಿನ್ನ ಅಪ್ಪ ಬಂದು ಬಾಗಿಲು ತಟ್ಟಿದ. ನನಗೆ ಕೇಳಿಸಲಿಲ್ಲ.

"ಮುಂದೆ?" ಎಂದ ಮುಳ್ಳಣ್ಣ.

"ಮುಂದೆ."

ಮುಳ್ಳಣ್ಣ ಕೀಲಿ ಒತ್ತಿದ. ಎರಡನೆಯ ಸಲ ಬಂದು ಕಿಟಕಿಗೆ ಕಲ್ಲು ಹೊಡೆದ. ಆಗ ಎದ್ದೆ. ನಾನು ಹೋಗುವಷ್ಟರಲ್ಲಿ ನಿನ್ನ ತಾಯಿ ಇರಲಿಲ್ಲ. ನೀನು ಅವಳ ಪಕ್ಕದಲ್ಲಿದ್ದೆ, ಅಳುತ್ತಿರಲಿಲ್ಲ, ಕಣ್ಣು ಬಿಟ್ಟು ನೋಡುತ್ತಿದ್ದೆ.

"ಮುಂದೆ?"

ಡ್ರೈವರನ ಕಣ್ಣು ಆ ನಾಲ್ಕು ಸಾಲಿನ ಮೇಲೆಯೇ ನಿಂತಿತ್ತು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹಾಗೆ ಕೂತರೆ ಅವಳಿಗೆ ಅವನು ಕಾಣುತ್ತಾನೆ ಎಂಬುದು ಮುಳ್ಳಣ್ಣನಿಗೊಬ್ಬನಿಗೇ ಗೊತ್ತಿತ್ತು.

"ಅಪ್ಪ ಇದನ್ನ ಹೇಳಿರಲಿಲ್ಲ," ಎಂದ ಡ್ರೈವರು ಕೊನೆಗೆ. "ನಿಮ್ಮ ಮಾತು ಬಂದಾಗೆಲ್ಲ ಒಳ್ಳೇದೇ ಹೇಳ್ತಿದ್ದ." ಆಮೇಲೆ ಅಕ್ಕನ ಕಡೆ ತಿರುಗಿ, "ಹೊತ್ತು ಅಂದಾಜಿಗೆ ಹಾಕಬಹುದಿತ್ತಲ್ಲ ಅಮ್ಮಾ? ಯಾರು ಕೇಳ್ತಿದ್ರು?"

"ಅಂದಾಜಿಗೆ ಹಾಕಿದ್ರೆ ನಾನು ಅಲ್ಲಿದ್ದೆ ಅಂತ ಆಗುತ್ತೆ," ಎಂದಳು ಅಕ್ಕ.

ಅವನು ತಲೆ ಆಡಿಸಿದ. ಬಾಗಿಲ ಹತ್ತಿರ ಬಿಟ್ಟಿದ್ದ ಚಪ್ಪಲಿಯ ಕಡೆ ಒಮ್ಮೆ ನೋಡಿದ. ಹೊರಟುಬಿಡುತ್ತಾನೆ ಎಂದುಕೊಂಡ ಮುಳ್ಳಣ್ಣ. ಆದರೆ ಅವನು ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಪರದೆಯ ಎದುರು ಕೂತ.

"ಇನ್ನೊಂದು ಸಲ ಮೇಲಕ್ಕೆ ತಗೊಳ್ಳಿ," ಎಂದ. "ಮೊದಲಿಂದ."

ಮೊದಲಿಂದ ಎಂಬ ಮಾತಿಗೆ ಮುಳ್ಳಣ್ಣನ ಬೆರಳು ಒಂದು ಕ್ಷಣ ಅಳುಕಿತು. ಆಮೇಲೆ ಅವನು ಕೀಲಿ ಒತ್ತಿದ, ಮೇಲಕ್ಕೆ, ಮೇಲಕ್ಕೆ, ಮೊದಲ ಸಾಲಿನವರೆಗೆ.